ಮತಪೆಟ್ಟಿಗೆ ಇಲ್ಲದ ಜನಮತ

ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಹಾಡಹಗಲೇ ಅಂಗಡಿಗಳೆಲ್ಲ ಮುಚ್ಚಿರುವುದನ್ನು ಊಹಿಸುವುದೂ ಕಷ್ಟ. ಆದರೆ 1810ರ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಮನೆ ತೆರಿಗೆ ಹೇರಿದಾಗ, ನಗರವೇ ಕೆಲಸ ನಿಲ್ಲಿಸಿ ಬಯಲಲ್ಲಿ ಧರಣಿ ಕೂತಿತು. ಮತಪೆಟ್ಟಿಗೆ ಇರಲಿಲ್ಲ, ಆದರೂ ಅದೊಂದು ಜನಮತಗಣನೆಯೇ.

ಇಂಥ ಹೊತ್ತಿನಲ್ಲಿ ‘ಯಾರೋ ಜನರ ಕಿವಿ ಊದಿದ್ದಾರೆ’ ಎನ್ನುವುದು ಆಳುವವರ ರೂಢಿ. ಆದರೆ ಕಾಶಿಯ ಜನ ಕೊಟ್ಟ ಅರ್ಜಿಯ ವಾದ ನೋಡಿ: ತೆರಿಗೆ ಪೊಲೀಸ್ ಖರ್ಚಿಗೆ ಎನ್ನುವುದಾದರೆ, ಬನಾರಸಿನಲ್ಲಿ ಆ ಖರ್ಚು ಭೂಕಂದಾಯದಿಂದಲೇ ನಡೆಯುತ್ತಿದೆ, ಮತ್ತೆ ಇದು ಯಾವ ಲೆಕ್ಕಕ್ಕೆ? ಹಿಂದಿನ ಸುಲ್ತಾನರೂ ಪ್ರಜೆಗಳ ಮನೆಯ ಮೇಲೆ ಹಕ್ಕು ಸಾಧಿಸಿರಲಿಲ್ಲವಲ್ಲ? ಕೊನೆಗೆ ಕಂಪನಿಯೇ ತೆರಿಗೆಯನ್ನು ಕೈಬಿಟ್ಟಿತು.

ಲೆಕ್ಕ ತಪ್ಪಿದ್ದು ಓದಿದವರ ಕೈಯಲ್ಲಿ. 1824ರಲ್ಲಿ ಕಾಶಿಗೆ ಬಂದ ಬಿಷಪ್ ಹೆಬರ್, ಆಗ ಮನೆ ಬಿಟ್ಟು ಬಂದವರು 3 ಲಕ್ಷಕ್ಕೂ ಹೆಚ್ಚಂತೆ ಎಂದು ಬರೆದರು. 1828-29ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಣಿಸಿದಾಗ ಇಡೀ ನಗರದಲ್ಲಿದ್ದವರು ಸುಮಾರು 1.8 ಲಕ್ಷ. ಸುತ್ತಲಿನ ಹಳ್ಳಿಗಳವರನ್ನು ಸೇರಿಸಿಕೊಂಡರೂ ಹೆಬರ್ ಹೇಳಿದ್ದು ನಂಬುವಂಥ ಸಂಖ್ಯೆಯಲ್ಲ.

2016ರ ಬ್ರೆಕ್ಸಿಟ್ ಮತದಾನದ ನಂತರವೂ ‘ಸುಳ್ಳು ನಂಬಿದ ದಡ್ಡರು’ ಎಂಬ ಬೈಗುಳ ಕೇಳಿಬಂತು. ಸುಳ್ಳು ಹರಡಿದ್ದು ನಿಜ. ಆದರೆ ಮತದಾರರ ಬುದ್ಧಿ ಅಳೆಯುವ ಮೊದಲು ಅವರ ಅರ್ಜಿ ಓದಬೇಕು. ನಮ್ಮ ಕೈಯಲ್ಲಿರುವ ಅಂಕಿಯನ್ನು ಎಣಿಸಿದವರು ಯಾರೆಂದೂ ಕೇಳಬೇಕು.