ಚಾರ್‌ಬಾಗ್ ಓದುವುದು ಹೇಗೆ?

ದೆಹಲಿಯ ಹುಮಾಯೂನ್ ಗೋರಿಗೆ ಹೋದವರೆಲ್ಲ ಗುಮ್ಮಟದ ಫೋಟೊ ತೆಗೀತಾರೆ. ಸುತ್ತಲಿನ ತೋಟ ಬರೀ ಹಿನ್ನೆಲೆ ಅಂದ್ಕೊಳ್ತಾರೆ. ಮುಂದಿನ ಸಲ ಹೋದಾಗ ನೀವು ಕಾಲಬುಡದಲ್ಲೂ ಸ್ವಲ್ಪ ನೋಡಿ.

16ನೇ ಶತಮಾನದ ಈ ಚಾರ್‌ಬಾಗ್ ಅಂದ್ರೆ ನಾಲ್ಕು ಭಾಗದ ತೋಟ. ಕಾಲುದಾರಿಗಳೂ ನೀರಿನ ಕಾಲುವೆಗಳೂ ನೆಲವನ್ನು ನಾಲ್ಕಾಗಿ, ಮತ್ತೆ ಚಿಕ್ಕ ಚೌಕಗಳಾಗಿ ಹಂಚುತ್ತವೆ. ನಡುವೆ ಗೋರಿ. ಹರಿಯುವ ನೀರು, ನೆರಳು, ಹಣ್ಣಿನ ಮರ: ಜನ್ನತ್‌ನ ಕಲ್ಪನೆಯನ್ನೇ ನೆಲದ ಮೇಲೆ ಬಿಡಿಸಿದ ನಕ್ಷೆ ಇದು.

1860ರ ಹೊತ್ತಿಗೆ ಬ್ರಿಟಿಷರು ಚೌಕ ಕೊಳಗಳ ಜಾಗದಲ್ಲಿ ತಮ್ಮ ಶೈಲಿಯ ದುಂಡನೆಯ ಹೂಪಾತಿ ಮಾಡಿಸಿದರು. 1947ರಲ್ಲಿ ಇದೇ ತೋಟ ಮನೆ ಕಳೆದುಕೊಂಡ ಸಾವಿರಾರು ಮುಸ್ಲಿಮರ ನಿರಾಶ್ರಿತ ಶಿಬಿರವಾಯಿತು. ತೋಟ ಹಾಳಾಯಿತು ನಿಜ, ಆದರೆ ದಿಕ್ಕಿಲ್ಲದವರಿಗೆ ನೆಲೆಯಾಯಿತು. ಆ ನೆನಪೂ ಈ ಮಣ್ಣಿನಲ್ಲಿದೆ.

1997ರಿಂದ 2003ರವರೆಗೆ ಆಗಾ ಖಾನ್ ಟ್ರಸ್ಟ್ ಮತ್ತು ಪುರಾತತ್ವ ಸರ್ವೇಕ್ಷಣಾ ಇಲಾಖೆ ಸೇರಿ ಇದನ್ನು ಸರಿಪಡಿಸಿದವು. ಹಳೇ ಬಾವಿಗಳ ಹೂಳೆತ್ತಿದರು, ಸುಮಾರು 2,500 ಗಿಡಮರ ನೆಟ್ಟರು. ಕಷ್ಟದ ಕೆಲಸ ಕಾಲುವೆಯದು: 40 ಮೀಟರಿಗೆ ಬರೀ 1 ಸೆಂಟಿಮೀಟರ್ ಇಳಿಜಾರು! ಕಲ್ಲುಗಳನ್ನು ಅಷ್ಟು ನಿಖರವಾಗಿ ಕೂರಿಸಿದ್ದಕ್ಕೇ ನೀರು ತಾನಾಗಿ ಹರಿಯಿತು.

ಹುಲ್ಲು ಹಾಸಿದರೆ ತೋಟ ಚಂದ ಕಾಣಬಹುದು, ಆದರೆ ಉಳಿದಂತಾಗಲ್ಲ. ನೀರು ಎಲ್ಲಿಂದ ಬರ್ತಿತ್ತು, ಯಾವ ಮರ ಎಲ್ಲಿತ್ತು ಅಂತ ಮೊದಲು ತಿಳೀಬೇಕು. ನಿಮ್ಮೂರಿನ ದರ್ಗಾ, ಮಸೀದಿಗಳ ಅಂಗಳದಲ್ಲೂ ಬತ್ತಿದ ಹೌಜ್, ಮುಚ್ಚಿದ ಬಾವಿ ಇರಬಹುದು. ಅದರ ಮೇಲೆ ಟೈಲ್ಸ್ ಹಾಕಿಸೋ ಮುಂಚೆ ಹಿರಿಯರನ್ನೊಮ್ಮೆ ಕೇಳಿ: ಇಲ್ಲಿ ನೀರು ಎತ್ತ ಹರೀತಿತ್ತು?