ಹಿತ್ತಲ ಮೊಟ್ಟೆಕೋಳಿಗಳ ರೋಗಗಳು ಮತ್ತು ಆರೈಕೆ

ಹಗಲು ಹಿತ್ತಲಲ್ಲೋ ತೋಟದಲ್ಲೋ ಬಿಟ್ಟು ಮೇಯಿಸಿ, ಸಂಜೆ ಗೂಡಿಗೆ ಸೇರಿಸುವ ಅಥವಾ ಮಂಕರಿಯಡಿ ಕವುಚುವ ಹೇಂಟೆಗಳ ಆರೋಗ್ಯವು ದೊಡ್ಡ ಫಾರಂಗಳ ಕೋಳಿಗಳ ಆರೋಗ್ಯಕ್ಕಿಂತ ಭಿನ್ನವಾದ ವಿಷಯವಾಗಿದೆ. ಕರ್ನಾಟಕದಲ್ಲಿ ನಾಟಿ ಕೋಳಿಗಳ ಜೊತೆಗೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ ತಳಿಗಳನ್ನೂ ಹೀಗೆ ಸಾಕಲಾಗುತ್ತದೆ. ಇವು ಒಂದೇ ಕೇರಿಯ ತಿಪ್ಪೆ, ಚರಂಡಿ ಮತ್ತು ಬೇಲಿಸಾಲುಗಳಲ್ಲಿ ಒಟ್ಟಾಗಿ ಕೆದಕುವುದರಿಂದ ಒಂದು ಮನೆಯ ಕೋಳಿಗೆ ತಗಲಿದ ಸೋಂಕು ಕೆಲವೇ ದಿನಗಳಲ್ಲಿ ಕೇರಿಗೆಲ್ಲ ಹರಡುತ್ತದೆ. ಆದ್ದರಿಂದ ಹಿತ್ತಲ ಕೋಳಿಯ ರಕ್ಷಣೆಯನ್ನು ಒಬ್ಬ ಸಾಕಣೆದಾರನ ಹೊಣೆ ಎನ್ನುವುದಕ್ಕಿಂತ ಊರಿನ ಒಟ್ಟು ಹೊಣೆ ಎಂದು ನೋಡುವುದೇ ಸರಿಯಾದ ಕ್ರಮ.

ಕೋಳಿಯು ತನ್ನ ಕಾಯಿಲೆಯನ್ನು ಸುಲಭವಾಗಿ ತೋರಗೊಡುವುದಿಲ್ಲ. ಅದು ಗರಿ ಕೆದರಿಕೊಂಡು ಮೂಲೆಯಲ್ಲಿ ತೂಕಡಿಸುವ ಹೊತ್ತಿಗೆ ರೋಗ ಬಲಿತಿರುತ್ತದೆ. ಬೆಳಗ್ಗೆ ಗೂಡು ತೆರೆದಾಗ ಮೊದಲು ನೋಡಬೇಕಾದುದು ಹಿಕ್ಕೆಯನ್ನು. ಮೇಲೆ ಬಿಳಿ ಪದರವಿರುವ ಗಟ್ಟಿ ಹಿಕ್ಕೆ ಆರೋಗ್ಯದ ಗುರುತು; ಹಸಿರು ನೀರಿನಂತಹ ಹಿಕ್ಕೆ ಅಥವಾ ರಕ್ತ ಬೆರೆತ ಹಿಕ್ಕೆ ಕಂಡರೆ ಆ ಕೋಳಿಯನ್ನು ಅಂದೇ ಬೇರ್ಪಡಿಸಬೇಕು. ಕೆಂಪಗಿದ್ದ ಜುಟ್ಟು ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು, ಕಾಳು ಶೇಖರವಾಗುವ ಕುತ್ತಿಗೆಯ ಬುಡದ ಚೀಲವು ಮೇದು ಬಂದ ಸಂಜೆಯಲ್ಲೂ ಖಾಲಿಯಾಗಿರುವುದು ಕೂಡ ಗಮನಿಸಬೇಕಾದ ಲಕ್ಷಣಗಳು.

ಈ ಕೋಳಿಗಳಿಗೆ ಎಲ್ಲಕ್ಕಿಂತ ಮಾರಕವಾದುದು ರೈತರು ಕೊಕ್ಕರೆ ರೋಗ ಎಂದು ಕರೆಯುವ ರಾಣಿಖೇತ್ ರೋಗ. ವೈರಸ್‌ನಿಂದ ಬರುವ ಈ ರೋಗವನ್ನು 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲಾಯಿತು. ಭಾರತದಲ್ಲಿ ಕುಮಾವೂನ್ ಪ್ರದೇಶದ ರಾಣಿಖೇತ್‌ನಲ್ಲಿ ಕಂಡುಬಂದುದರಿಂದ ಇಲ್ಲಿ ಆ ಊರಿನ ಹೆಸರೇ ನಿಂತಿತು. ರೋಗ ತಗಲಿದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಸಿರು ಬಣ್ಣದಲ್ಲಿ ಭೇದಿ ಮಾಡುತ್ತದೆ, ರೋಗ ನರಮಂಡಲಕ್ಕೆ ಏರಿದಾಗ ಕತ್ತು ತಿರುಚಿಕೊಂಡು ಕಾಲು ರೆಕ್ಕೆಗಳ ಸ್ವಾಧೀನ ಕಳೆದುಕೊಳ್ಳುತ್ತದೆ. ಲಸಿಕೆ ಹಾಕದ ಹಿಂಡಿನಲ್ಲಿ ಹೆಚ್ಚಿನವು ಸಾಯುತ್ತವೆ. ಉಳಿದ ಹೇಂಟೆಗಳು ಮೊಟ್ಟೆ ನಿಲ್ಲಿಸುತ್ತವೆ ಅಥವಾ ತೆಳು ಚಿಪ್ಪಿನ, ಆಕಾರಗೆಟ್ಟ ಮೊಟ್ಟೆ ಇಡುತ್ತವೆ. ಇದಕ್ಕೆ ಔಷಧವಿಲ್ಲ.

ಲಸಿಕೆ ಮಾತ್ರ ಇದೆ. ಮರಿಗಳಿಗೆ ಮೊದಲ ವಾರದಲ್ಲಿ ಲಸೋಟ ಅಥವಾ ಎಫ್ ಲಸಿಕೆಯನ್ನು ಕಣ್ಣಿಗೆ ಇಲ್ಲವೆ ಮೂಗಿಗೆ ಹನಿಯಾಗಿ ಹಾಕಿ, ಸುಮಾರು 8 ವಾರ ತುಂಬಿದ ಮೇಲೆ ಆರ್‌2ಬಿ ಲಸಿಕೆಯನ್ನು ಚುಚ್ಚುಮದ್ದಾಗಿ ಕೊಡಲಾಗುತ್ತದೆ. ಎರಡನೆಯದು ಪ್ರಬಲವಾದುದರಿಂದ ಎಳೆ ಮರಿಗಳಿಗೆ ಸಲ್ಲದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ ತಂಪಿನಲ್ಲಿ ಇಡಬೇಕು ಮತ್ತು ದ್ರಾವಣದಲ್ಲಿ ಕಲಸಿದ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ತೊಡಕು ಬರುವುದು ಇಲ್ಲಿಯೇ: ಒಂದು ಶೀಶೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಲಸಿಕೆ ಇರುತ್ತದೆ, ಒಂದು ಮನೆಯಲ್ಲಿರುವುದು ಐದೋ ಹತ್ತೋ ಕೋಳಿ. ಇಡೀ ಕೇರಿ ಒಂದೇ ದಿನ ಗೊತ್ತುಮಾಡಿಕೊಂಡು, ಕೋಳಿಗಳನ್ನು ಹೊರಬಿಡುವ ಮುನ್ನ ನಸುಕಿನಲ್ಲೇ ಗೂಡಿನಿಂದ ಒಂದೊಂದಾಗಿ ಹಿಡಿದು ಲಸಿಕೆ ಹಾಕಿಸಿದರೆ ಶೀಶೆ ವ್ಯರ್ಥವಾಗುವುದಿಲ್ಲ, ಯಾವ ಕೋಳಿಯೂ ತಪ್ಪಿಸಿಕೊಳ್ಳುವುದಿಲ್ಲ. ಒಂದೆರಡು ಕೋಳಿ ಸತ್ತೊಡನೆ ಉಳಿದವನ್ನು ಸಂತೆಗೆ ಒಯ್ದು ಮಾರುವ ರೂಢಿ ನಷ್ಟದ ಭಯದಿಂದ ಹುಟ್ಟಿದ್ದು, ಬಡ ಮನೆಗಳಲ್ಲಿ ಅದು ಸಹಜವೂ ಹೌದು. ಆದರೆ ರೋಗ ಊರಿಂದ ಊರಿಗೆ ಸಾಗುವ ಮುಖ್ಯ ದಾರಿಗಳಲ್ಲಿ ಅದೂ ಒಂದು. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಮಳೆಗಾಲದಲ್ಲಿ ನೆಲ ಒದ್ದೆಯಾದಾಗ ಎಳೆಯ ಕೋಳಿಗಳಿಗೆ ಬರುವ ರಕ್ತಭೇದಿಯು ಕರುಳಿನಲ್ಲಿ ಬೆಳೆಯುವ ಕಾಕ್ಸಿಡಿಯ ಎಂಬ ಏಕಕೋಶ ಜೀವಿಯಿಂದ ಉಂಟಾಗುತ್ತದೆ. ಗೂಡನ್ನು ಒಣಗಿಸಿಡುವುದು ಅದರ ತಡೆ, ಕುಡಿಯುವ ನೀರಿನಲ್ಲಿ ಬೆರೆಸುವ ಆಂಪ್ರೋಲಿಯಂ ಅದರ ಔಷಧ. ಕೋಳಿ ಸಿಡುಬು ಸೊಳ್ಳೆಗಳಿಂದಲೂ ಹರಡಿ ಜುಟ್ಟು ಮತ್ತು ಕಣ್ಣಿನ ಸುತ್ತ ಗಂಟುಗಳನ್ನು ಎಬ್ಬಿಸುತ್ತದೆ. ಗೂಡಿನ ಮರದ ಬಿರುಕುಗಳಲ್ಲಿ ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಉಣ್ಣೆಗಳನ್ನು ಕೋಳಿಯ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ, ಬಿರುಕುಗಳನ್ನೇ ಶುಚಿಗೊಳಿಸಿ ಮುಚ್ಚಬೇಕಾಗುತ್ತದೆ. ಹೇನಿನ ಕಾಟಕ್ಕೆ ಒಣ ಮಣ್ಣು ಮತ್ತು ಬೂದಿಯ ಗುಂಡಿಯಲ್ಲಿ ಕೋಳಿಗಳು ಹೊರಳಾಡುವುದರಿಂದ ಎಷ್ಟೋ ಶಮನ ಸಿಗುತ್ತದೆ.

ಮೊಟ್ಟೆ ನಿಂತಿತೆಂದರೆ ರೋಗವೆಂದೇ ತಿಳಿಯಬೇಕಿಲ್ಲ. ಕಾವಿಗೆ ಕೂತ ಹೇಂಟೆಯೂ ಗರಿ ಉದುರಿಸುತ್ತಿರುವ ಹೇಂಟೆಯೂ ಮೊಟ್ಟೆ ಇಡುವುದಿಲ್ಲ. ಚಿಪ್ಪಿಲ್ಲದ ಮೊಟ್ಟೆಗೆ ಹಲವು ಬಾರಿ ಸುಣ್ಣಾಂಶದ ಕೊರತೆ ಕಾರಣ: ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಮೇವಿನಲ್ಲಿ ಸಾಲದಿದ್ದರೆ ಕೋಳಿ ಅದನ್ನು ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಪುಡಿಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿಟ್ಟರೆ ಹೇಂಟೆ ತನಗೆ ಬೇಕಾದಷ್ಟು ತಿನ್ನುತ್ತದೆ. ಮೊಟ್ಟೆ ಒಳಗೇ ಸಿಕ್ಕಿಕೊಂಡು ಕೋಳಿ ಮುಕ್ಕುತ್ತಿದ್ದರೆ ಅದರ ಹಿಂಭಾಗವನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇರಿಸಿ ಕತ್ತಲೆಯ ಜಾಗದಲ್ಲಿ ಬಿಡುವುದು ಮೊದಲ ಉಪಚಾರ. ಒತ್ತಿ ತೆಗೆಯಲು ಹೋದರೆ ಮೊಟ್ಟೆ ಒಳಗೇ ಒಡೆದು ಕೋಳಿ ಸಾಯಬಹುದು.

ಪ್ರತಿಜೈವಿಕ ಔಷಧಗಳು ವೈರಸ್ ರೋಗಗಳಿಗೆ ನಾಟುವುದಿಲ್ಲ, ಅವುಗಳ ಶೇಷ ಮೊಟ್ಟೆಯಲ್ಲಿ ಉಳಿಯುತ್ತದೆ. ಆದ್ದರಿಂದ ಪಶುವೈದ್ಯರು ಹೇಳಿದಾಗ ಮಾತ್ರ ಕೊಟ್ಟು, ಅವರು ಸೂಚಿಸಿದಷ್ಟು ದಿನ ಆ ಮೊಟ್ಟೆಗಳನ್ನು ತಿನ್ನದಿರಬೇಕು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಸಾಕುಪ್ರಾಣಿಗಳ ಮೇವಿನಲ್ಲಿ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ವೈರಸ್ ರೋಗಗಳಲ್ಲಿ ಇನ್ನೊಂದಾದ ಹಕ್ಕಿಜ್ವರವು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮತ್ತು 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ದೃಢಪಟ್ಟಿತ್ತು. ಅದರ ಮತ್ತು ಕೊಕ್ಕರೆ ರೋಗದ ಲಕ್ಷಣಗಳನ್ನು ಕಣ್ಣಳತೆಯಲ್ಲಿ ಬೇರ್ಪಡಿಸಲಾಗದ ಕಾರಣ, ಕೋಳಿಗಳು ಒಮ್ಮೆಲೇ ಗುಂಪಾಗಿ ಸತ್ತರೆ ಅವನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ರೋಗ ಯಾವುದೆಂಬುದು ಪ್ರಯೋಗಾಲಯದ ಪರೀಕ್ಷೆಯಿಂದಲೇ ನಿರ್ಧಾರವಾಗುತ್ತದೆ.