ಬೀಜವಿಲ್ಲದ ವಂಶ

ಅಡುಗೆಮನೆಯ ಬುಟ್ಟಿಯಲ್ಲಿ ಮೂಲೆ ಹಿಡಿದು ಕುಳಿತ ಬೆಳ್ಳುಳ್ಳಿಗೂ ಒಂದು ಚರಿತ್ರೆಯಿದೆ ಎಂದರೆ ಕೆಲವರು ನಕ್ಕಾರು. ಸಾರಿನ ಒಗ್ಗರಣೆಗೆ ಎರಡು ಎಸಳು, ಚಟ್ನಿಪುಡಿಗೆ ಒಂದು ಗಡ್ಡೆ, ಬಾಣಂತಿಗೆ ತುಪ್ಪದಲ್ಲಿ ಹುರಿದ ಒಂದು ಹಿಡಿ: ಇಷ್ಟಕ್ಕೆ ಅದರ ಕಥೆ ಮುಗಿಯಿತೆಂದು ನಮ್ಮ ಭಾವನೆ. ಆದರೆ ಒಂದು ಸಣ್ಣ ಪ್ರಶ್ನೆಯನ್ನು ಕೇಳಿಕೊಳ್ಳೋಣ. ಕೊತ್ತಂಬರಿಯ ಬೀಜವನ್ನು ನಾವೆಲ್ಲ ಬಲ್ಲೆವು, ಮೆಂತ್ಯವನ್ನು ಬಲ್ಲೆವು, ಈರುಳ್ಳಿಯ ಕರಿಯ ಬೀಜವನ್ನೂ ಕಂಡಿದ್ದೇವೆ. ಬೆಳ್ಳುಳ್ಳಿಯ ಬೀಜವನ್ನು ನಮ್ಮಲ್ಲಿ ಕಂಡವರು ಯಾರು?

ಯಾರೂ ಕಂಡಿಲ್ಲವೆಂದರೆ ಹೆಚ್ಚು ತಪ್ಪಾಗದು; ಏಕೆಂದರೆ ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವುದಿಲ್ಲ. ಎಸಳನ್ನೇ ನೆಡಬೇಕು. ಎಸಳಿನಿಂದ ಎದ್ದ ಗಿಡ ತಾಯಿಗಿಡದ ಮಗಳಲ್ಲ, ಆ ತಾಯಿಯೇ ಮತ್ತೊಮ್ಮೆ ಎದ್ದು ಬಂದಂತೆ. ಸಸ್ಯಶಾಸ್ತ್ರಜ್ಞರು ಇದರ ತವರನ್ನು ಮಧ್ಯ ಏಷ್ಯದಲ್ಲಿ, ತಿಯೆನ್ ಶಾನ್ ಪರ್ವತಗಳ ಸುತ್ತಿನ ಸೀಮೆಯಲ್ಲಿ ಗುರುತಿಸುತ್ತಾರೆ. ಆ ತವರಿನ ಕೆಲವು ತಳಿಗಳಿಗೆ ಬೀಜ ಕಟ್ಟುವ ಶಕ್ತಿ ಇನ್ನೂ ಉಳಿದಿದೆಯೆಂಬುದನ್ನು 1980ರ ದಶಕದಲ್ಲಿ ಜಪಾನಿನ ವಿಜ್ಞಾನಿ ತಕೆಯೋಮಿ ಎತೊ ತೋರಿಸಿಕೊಟ್ಟರು. ತವರನ್ನು ಬಿಟ್ಟು ಹೊರಟ ಬೆಳ್ಳುಳ್ಳಿ ದಾರಿಯಲ್ಲಿ ಬೀಜವನ್ನೂ ಬಿಟ್ಟಿತು. ಗಡ್ಡೆಯನ್ನು ಬಯಸಿದ ಮನುಷ್ಯ, ಹೂವಿಗೆ ಸಾರವನ್ನು ವ್ಯಯ ಮಾಡದ ಗಿಡವನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ನೆಟ್ಟ. ಗಿಡವೂ ತನ್ನ ವಂಶದ ಹೊಣೆಯನ್ನು ಅವನ ಕೈಗೆ ಒಪ್ಪಿಸಿತು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಧಾನ್ಯದ ಕಾಳನ್ನು ಹಗೇವಿನಲ್ಲಿಟ್ಟು ಕಾಪಾಡಬಹುದು. ಬೆಳ್ಳುಳ್ಳಿಯ ಎಸಳು ಅಷ್ಟು ಕಾಯುವುದಿಲ್ಲ; ಒಂದು ವರ್ಷ ಕಳೆಯುವುದರೊಳಗೆ ಮೊಳೆಯುತ್ತದೆ, ಇಲ್ಲವೆ ಜೊಳ್ಳಾಗುತ್ತದೆ. ಇಂದು ನಮ್ಮ ಕೈಯಲ್ಲಿರುವ ಎಸಳಿನ ಹಿಂದೆ, ಸಾವಿರಾರು ವರ್ಷಗಳ ಕಾಲ, ಒಂದು ವರ್ಷವೂ ತಪ್ಪದಂತೆ ಯಾರೋ ಒಬ್ಬರು ಇದ್ದುದೆಲ್ಲವನ್ನೂ ತಿಂದುಬಿಡದೆ ನೆಡಲು ಒಂದಿಷ್ಟನ್ನು ಎತ್ತಿಟ್ಟಿದ್ದಾರೆ. ನಾನು ಬೆಳ್ಳುಳ್ಳಿಯ ಚರಿತ್ರೆ ಎನ್ನುವುದು ಈ ಎತ್ತಿಟ್ಟ ಕೈಗಳ ಚರಿತ್ರೆಯನ್ನು.

ಗ್ರಂಥಗಳಲ್ಲಿ ಈ ಕೈಗಳು ಅಪರೂಪವಾಗಿ ಕಾಣುತ್ತವೆ. ಈಜಿಪ್ಟಿನ ತುತಂಖಾಮುನ್ ದೊರೆಯ ಸಮಾಧಿಯನ್ನು 1922ರಲ್ಲಿ ಹೊವರ್ಡ್ ಕಾರ್ಟರ್ ಕಂಡುಹಿಡಿದಾಗ, ಚಿನ್ನದ ರಾಶಿಯ ನಡುವೆ ಬೆಳ್ಳುಳ್ಳಿಯ ಗಡ್ಡೆಗಳೂ ಇದ್ದವು. ಕ್ರಿ. ಪೂ. 5ನೆಯ ಶತಮಾನದ ಹೆರೊಡೋಟಸ್ ಬರೆದಿಟ್ಟಂತೆ, ಮಹಾ ಪಿರಮಿಡ್ಡನ್ನು ಕಟ್ಟಿದ ಕೆಲಸಗಾರರ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳಿಗೆ 1600 ಟ್ಯಾಲೆಂಟ್ ಬೆಳ್ಳಿ ವೆಚ್ಚವಾಯಿತೆಂದು ಅಲ್ಲಿನ ಶಾಸನದಲ್ಲಿತ್ತಂತೆ. ದುಭಾಷಿಯೊಬ್ಬ ಓದಿ ಹೇಳಿದ ಈ ಲೆಕ್ಕವನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೂ ಕಲ್ಲು ಹೊತ್ತವರ ಊಟದಲ್ಲಿ ಬೆಳ್ಳುಳ್ಳಿ ಇತ್ತೆಂಬ ನೆನಪು ಅದರಲ್ಲಿ ಉಳಿದಿದೆ.

ನಮ್ಮ ದೇಶದ ಸಾಕ್ಷ್ಯ ಇನ್ನೂ ಸ್ವಾರಸ್ಯವಾದದ್ದು. 1890ರಲ್ಲಿ ಹ್ಯಾಮಿಲ್ಟನ್ ಬವರ್ ಎಂಬ ಸೈನ್ಯಾಧಿಕಾರಿಗೆ ಮಧ್ಯ ಏಷ್ಯದ ಕೂಚಾದಲ್ಲಿ, ಎಂದರೆ ಅದೇ ತಿಯೆನ್ ಶಾನ್ ಪರ್ವತದ ತಪ್ಪಲಿನಲ್ಲಿ, ಭೂರ್ಜಪತ್ರದ ಸಂಸ್ಕೃತ ಹಸ್ತಪ್ರತಿಯೊಂದು ದೊರೆಯಿತು. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದಾದ ಆ ಪ್ರತಿಯನ್ನು ಹೋರ್ನ್ಲೆ ಎಂಬ ವಿದ್ವಾಂಸರು ಸಂಪಾದಿಸಿದರು. ಅದರ ಮೊದಲ ಭಾಗವೇ ಬೆಳ್ಳುಳ್ಳಿಯ ಪ್ರಶಂಸೆ! ಅಮೃತವನ್ನು ಕುಡಿದ ಅಸುರನ ತಲೆಯನ್ನು ವಿಷ್ಣು ತರಿದಾಗ ನೆಲಕ್ಕೆ ಬಿದ್ದ ರಕ್ತದ ಹನಿಗಳೇ ಬೆಳ್ಳುಳ್ಳಿಯಾದವೆಂದೂ, ಆದುದರಿಂದ ಬ್ರಾಹ್ಮಣರು ಅದನ್ನು ತಿನ್ನರೆಂದೂ ಅಲ್ಲಿ ಹೇಳಿದೆ. ಹಾಗೆ ಹೇಳಿದ ಗ್ರಂಥವೇ ಅವರಿಗೊಂದು ದಾರಿಯನ್ನೂ ತೋರಿಸುತ್ತದೆ: ಹಸಿದ ಹಸುವಿಗೆ ಹುಲ್ಲಿನೊಡನೆ ಬೆಳ್ಳುಳ್ಳಿಯ ದಂಟನ್ನು ತಿನ್ನಿಸಿ, ಅದರ ಹಾಲು, ಮೊಸರು, ತುಪ್ಪಗಳನ್ನು ಸೇವಿಸಬಹುದು!

ಮನುಸ್ಮೃತಿ ದ್ವಿಜರಿಗೆ ಇದನ್ನು ನಿಷೇಧಿಸಿತು. 5ನೆಯ ಶತಮಾನದ ಆರಂಭದಲ್ಲಿ ಬಂದ ಚೀನೀ ಯಾತ್ರಿಕ ಫಾಹಿಯಾನ್, ಮಧ್ಯದೇಶದ ಜನ ಈರುಳ್ಳಿ ಬೆಳ್ಳುಳ್ಳಿಗಳನ್ನು ತಿನ್ನುವುದಿಲ್ಲವೆಂದೂ, ಚಂಡಾಲರೆನಿಸಿಕೊಂಡು ಊರ ಹೊರಗೆ ಬಾಳುತ್ತಿದ್ದವರು ಮಾತ್ರ ಇದಕ್ಕೆ ಹೊರತೆಂದೂ ಬರೆದ. ಅವನ ಮಾತು ನಿಜವಾಗಿದ್ದರೆ, ಆ ಸೀಮೆಯಲ್ಲಿ ಈ ಗಿಡದ ವಂಶವನ್ನು ಉಳಿಸಿಕೊಟ್ಟವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಿಷೇಧಿಸಿದವರ ಮಾತು ಗ್ರಂಥದಲ್ಲಿ ಉಳಿಯಿತು. ನೆಟ್ಟವರ ಕೆಲಸ ಗಿಡದಲ್ಲಿ ಉಳಿಯಿತು.

ನಮ್ಮ ಕನ್ನಡ ಮಾತ್ರ ಇದನ್ನು ದೂರದ ವಸ್ತುವೆಂದು ಎಣಿಸಲಿಲ್ಲ. ಉಳ್ಳಿ ಎಂಬ ದ್ರಾವಿಡ ಪದಕ್ಕೆ ಬಿಳುಪನ್ನು ಸೇರಿಸಿ ಬೆಳ್ಳುಳ್ಳಿ ಎಂದಿತು. ತೆಲುಗಿನ ವೆಲ್ಲುಲ್ಲಿ, ಮಲಯಾಳದ ವೆಳುತ್ತುಳ್ಳಿ, ತುಳುವಿನ ಬೊಳ್ಳುಳ್ಳಿ ಇದರ ಒಡಹುಟ್ಟಿದವು. ಸಂಸ್ಕೃತದ ರಸೋನ ಶಬ್ದಕ್ಕೆ, ಆರು ರಸಗಳಲ್ಲಿ ಹುಳಿಯೊಂದು ಊನವಾದದ್ದು ಎಂದು ವೈದ್ಯರು ಅರ್ಥ ಹೇಳಿದರು. 16ನೆಯ ಶತಮಾನದ ಭಾವಪ್ರಕಾಶದ ಪ್ರಕಾರ ಬುಡದಲ್ಲಿ ಖಾರ, ಎಲೆಯಲ್ಲಿ ಕಹಿ, ದಂಟಿನಲ್ಲಿ ಒಗರು. ಅಂಗಡಿಯ ಒಣಗಡ್ಡೆಯನ್ನಷ್ಟೇ ಕಂಡವನಿಗೆ ಈ ಮಾತು ಬರಿಯ ಶಾಸ್ತ್ರ. ಮನೆಯಲ್ಲಿ ಬೆಳೆದವನು ಎಲೆಯನ್ನು ಚಿವುಟಿ ಬಾಯಿಗಿಟ್ಟು ತಾನೇ ಪರೀಕ್ಷಿಸಬಲ್ಲ.

ಮನೆಯಲ್ಲಿ ಬೆಳೆಯುವುದು ಕಷ್ಟವೂ ಅಲ್ಲ. ನಮ್ಮ ಮನೆಯ ತಾರಸಿಯ ಮೇಲೆ ಎರಡು ಮಣ್ಣಿನ ಕುಂಡಗಳಿವೆ. ಅಕ್ಟೋಬರ್ ಕೊನೆಯಲ್ಲಿ, ಚಳಿ ಬೀಳುವ ಮುನ್ನ, ಸಿಪ್ಪೆ ಸುಲಿಯದ ಎಸಳುಗಳನ್ನು ಚೂಪು ತುದಿ ಮೇಲಾಗುವಂತೆ, ಒಂದಂಗುಲ ಆಳಕ್ಕೆ, ನಾಲ್ಕಂಗುಲಕ್ಕೊಂದರಂತೆ ಊರುತ್ತೇನೆ. ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ನಡುವೆ ಹಸಿರೆಲೆಯನ್ನು ಕತ್ತರಿಸಿ ಪಲ್ಯಕ್ಕೂ ರೊಟ್ಟಿಯ ಹಿಟ್ಟಿಗೂ ಸೇರಿಸಬಹುದು; ಆದರೆ ಎಲೆಯನ್ನು ಹೆಚ್ಚು ಕೊಯ್ದಷ್ಟೂ ಗಡ್ಡೆ ಸಣ್ಣದಾಗುತ್ತದೆ. ನಾಲ್ಕೈದು ತಿಂಗಳಲ್ಲಿ ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಕಿತ್ತು, ನೆರಳಿನಲ್ಲಿ ತೂಗುಹಾಕಬೇಕು. ಚಳಿ ಸಾಲದ ಊರುಗಳಲ್ಲಿ ಗಡ್ಡೆ ಎಸಳಾಗಿ ಒಡೆಯದೆ ಒಂದೇ ಉಂಡೆಯಾಗಿ ನಿಲ್ಲುವುದೂ ಉಂಟು.

ಎರಡು ಕುಂಡಗಳ ಫಸಲು ಮನೆಯ ವರ್ಷದ ಅಡುಗೆಗೆ ಸಾಲದೆಂಬುದು ನಿಜ. ಅದರ ಬೆಲೆ ಬೇರೆಯದು. ಜರ್ಮನಿಯ ಗಾಟರ್ಸ್‌ಲೇಬೆನ್‌ನಲ್ಲಿರುವ ಸಸ್ಯಸಂಗ್ರಹದಂಥ ದೊಡ್ಡ ಸಂಸ್ಥೆಯೂ ಬೆಳ್ಳುಳ್ಳಿಯನ್ನು ಉಳಿಸಿಕೊಳ್ಳಲು ವರ್ಷ ವರ್ಷವೂ ಹೊಲದಲ್ಲಿ ನೆಡಬೇಕು, ಇಲ್ಲವೆ ಅದರ ಮೊಳಕೆಯ ತುದಿಯನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಇಡಬೇಕು. ನಮ್ಮ ಜವಾರಿ ಬೆಳ್ಳುಳ್ಳಿಗೆ, ಸಣ್ಣ ಎಸಳಿನ, ಕಣ್ಣಲ್ಲಿ ನೀರು ತರಿಸುವ ಆ ಗಡ್ಡೆಗೆ, ರೈತನ ಹೊಲ ಮತ್ತು ಮನೆಯ ಹಿತ್ತಲೇ ಸಂಗ್ರಹಾಲಯ. ಸುಲಿಯಲು ಬೇಸರವೆಂದು ಕೊಳ್ಳುವವರು ಕೈಬಿಟ್ಟರೆ ಬೆಳೆಯುವವರೂ ಕೈಬಿಡುತ್ತಾರೆ. ಹಾಗೆ ಒಂದು ವರ್ಷ ಯಾರೂ ನೆಡದೆ ಹೋದ ತಳಿಯನ್ನು ಮರುವರ್ಷ ಎಲ್ಲಿಂದ ತರುವುದು?

ಆದುದರಿಂದ ಕಿತ್ತ ಗಡ್ಡೆಗಳಲ್ಲಿ ಯಾವುದು ಒರಳಿಗೆ, ಯಾವುದು ಮಣ್ಣಿಗೆ ಎಂಬುದೇ ಮುಖ್ಯವಾದ ಪ್ರಶ್ನೆ. ಸಣ್ಣದನ್ನು ನೆಟ್ಟು ದಪ್ಪನೆಯದನ್ನು ತಿನ್ನೋಣವೆಂದು ನಾಲಗೆ ಹೇಳುತ್ತದೆ. ದಪ್ಪ ಎಸಳಿನಿಂದಲೇ ದಪ್ಪ ಗಡ್ಡೆಯೆಂದು ಅನುಭವ ಹೇಳುತ್ತದೆ. ಹಿಂದಿನವರು ನಾಲಗೆಯ ಮಾತನ್ನಷ್ಟೇ ಕೇಳಿದ್ದರೆ ನಮ್ಮ ಒಗ್ಗರಣೆಗೆ ಈ ಪರಿಮಳ ಬರುತ್ತಿರಲಿಲ್ಲ.